ಕಚೇರಿಗೆ ಸೈಕಲ್: ಸಂಕಲ್ಪದ ಜೊತೆಗೆ ಸಿದ್ಧತೆಯೂ ಬೇಕು

ಪ್ರತಿ ವರ್ಷ ಜೂನ್ 3ರಂದು ವಿಶ್ವ ಬೈಸಿಕಲ್ ದಿನವನ್ನು ಆಚರಿಸಲಾಗುತ್ತದೆ. ವಿಶ್ವಸಂಸ್ಥೆಯ ಮಹಾಸಭೆಯು 2018ರ ಏಪ್ರಿಲ್‌ನಲ್ಲಿ ಈ ದಿನವನ್ನು ಘೋಷಿಸಿತು. ಕೇಂದ್ರ ಸರ್ಕಾರವೂ 2024ರ ಡಿಸೆಂಬರ್‌ನಿಂದ ಫಿಟ್ ಇಂಡಿಯಾ ಆಂದೋಲನದ ಅಡಿಯಲ್ಲಿ ಸೈಕಲ್ ಸವಾರಿಯನ್ನು ಪ್ರೋತ್ಸಾಹಿಸುತ್ತಿದ್ದು, ಭಾನುವಾರಗಳಂದು ಅನೇಕ ಊರುಗಳಲ್ಲಿ ಜಾಥಾಗಳು ನಡೆಯುತ್ತಿವೆ. ಜಾಥಾಕ್ಕೆ ಒಂದು ಬೆಳಗಿನ ಉತ್ಸಾಹ ಸಾಕು. ಆದರೆ ಸೋಮವಾರ ಬೆಳಿಗ್ಗೆ ಕಡತದ ಚೀಲವನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಕಚೇರಿಗೆ ಹೊರಡುವುದು, ಮಂಗಳವಾರವೂ ಹಾಗೆಯೇ ಹೊರಡುವುದು, ಆಷಾಢದ ಗಾಳಿಗೂ ವೈಶಾಖದ ಬಿಸಿಲಿಗೂ ಸೈಕಲ್ ಮೂಲೆ ಸೇರದಂತೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಈ ಕೆಲಸ ಮನೋಬಲವೊಂದರಿಂದಲೇ ಆಗುವುದಿಲ್ಲ. ದೂರ, ಋತು, ರಸ್ತೆ, ಕಚೇರಿಯಲ್ಲಿನ ಅನುಕೂಲ ಇವುಗಳನ್ನು ಮೊದಲೇ ಲೆಕ್ಕ ಹಾಕಿದವರ ಸಂಕಲ್ಪ ಮಾತ್ರ ನಿಲ್ಲುತ್ತದೆ. ಚಂದ್ರಂಪಳ್ಳಿಯ ಕಾಡಿನಿಂದ ವಾಡಿಯ ರೈಲು ಜಂಕ್ಷನ್‌ವರೆಗಿನ ನಮ್ಮ ಭಾಗದ ನೆಲಕ್ಕೆ ಈ ಲೆಕ್ಕ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈಗಾಗಲೇ ಸೈಕಲ್ ತುಳಿಯುತ್ತಿರುವವರು

ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವುದು ನಮ್ಮಲ್ಲಿ ಹೊಸ ವಿಚಾರವಲ್ಲ. ನಸುಕಿನಲ್ಲಿ ಒಂದು ವಾಲ್ವ್‌ನಿಂದ ಇನ್ನೊಂದು ವಾಲ್ವ್‌ಗೆ ಹೋಗುವ ನೀರುಗಂಟಿ, ಹಳ್ಳಿಹಳ್ಳಿಗೆ ಪತ್ರ ಮುಟ್ಟಿಸುವ ಗ್ರಾಮೀಣ ಡಾಕ್ ಸೇವಕ, ಶಹಾಬಾದಿನ ಫರಸಿ ಕಲ್ಲಿನ ಗಣಿಗೆ ಬುತ್ತಿ ಕಟ್ಟಿಕೊಂಡು ಹೋಗುವ ಕಾರ್ಮಿಕ, ಸಿಮೆಂಟ್ ಕಾರ್ಖಾನೆಯ ಪಾಳಿಗೆ ಹೊರಟ ಗುತ್ತಿಗೆ ನೌಕರ ಇವರೆಲ್ಲರಿಗೂ ಅದು ದಿನನಿತ್ಯದ ಬದುಕು. ಗ್ರಾಮೀಣ ಡಾಕ್ ಸೇವಕರಿಗೆ ಸೈಕಲ್ ನಿರ್ವಹಣಾ ಭತ್ಯೆ ಎಂಬ ಪ್ರತ್ಯೇಕ ಭತ್ಯೆಯೇ ಇದೆ.

2011ರ ಜನಗಣತಿಯು ಕೆಲಸಕ್ಕೆ ಹೋಗಿಬರುವ ವಿಧಾನದ ಕುರಿತು ಪ್ರಥಮ ಬಾರಿಗೆ ವಿವರವಾಗಿ ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ, ದೇಶದ ಸುಮಾರು 20 ಕೋಟಿ ದುಡಿಯುವವರಲ್ಲಿ ಸುಮಾರು 2.6 ಕೋಟಿ ಜನರು ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಸ್ಕೂಟರ್ ಮತ್ತು ಮೋಟಾರ್ ಸೈಕಲ್ ಬಳಸುತ್ತಿದ್ದವರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಈ ಲೆಕ್ಕದಲ್ಲಿ ಕೃಷಿಕರು, ಕೃಷಿ ಕೂಲಿಕಾರರು ಸೇರಿರಲಿಲ್ಲ ಎಂಬುದನ್ನು ಗಮನಿಸಬೇಕು. ತೊಗರಿ ಕಟಾವಿಗೆ ಹೊಲಕ್ಕೆ ಸೈಕಲ್‌ನಲ್ಲಿ ಹೋಗುವವರನ್ನು ಸೇರಿಸಿದರೆ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಅದೇ ಗಣತಿಯಲ್ಲಿ ದೇಶದ ಶೇ. 44.8ರಷ್ಟು ಕುಟುಂಬಗಳಲ್ಲಿ ಸೈಕಲ್ ಇತ್ತು.

ಹೀಗಿದ್ದರೂ ಸೈಕಲ್ ಎಂದರೆ ಬೇರೆ ಗಾಡಿ ಕೊಳ್ಳಲಾಗದವರ ವಾಹನ ಎಂಬ ಭಾವನೆ ಬಲವಾಗಿದೆ. ಅಧಿಕಾರಿಯೊಬ್ಬರು ಸೈಕಲ್ ಏರಿ ಬಂದರೆ ಕಟ್ಟೆಯ ಮೇಲೆ ಕುಳಿತವರು ಮೊದಲು ಕೇಳುವ ಮಾತು, “ಗಾಡಿ ಕೆಟ್ಟದ ಏನ್ರಿ, ಸಾಹೇಬ್ರ?” ಎಂಬುದೇ. ಈ ಮಾತಿನಲ್ಲಿ ಕುಹಕವಿಲ್ಲ, ಕಾಳಜಿಯೇ ಇದೆ. ಆದರೆ ಆ ಕಾಳಜಿಯ ಹಿಂದೆ ಒಂದು ನಂಬಿಕೆಯೂ ಇದೆ: ಅನುಕೂಲವಿದ್ದವರು ಸೈಕಲ್ ತುಳಿಯುವುದಿಲ್ಲ ಎಂಬುದು. ಅನುಕೂಲವಿದ್ದವರು ತುಳಿಯದ ಕಾರಣದಿಂದಲೇ ಸೈಕಲ್ ಸವಾರರ ಕಷ್ಟಗಳು ರಸ್ತೆಯ ಅಂದಾಜು ಪಟ್ಟಿಯನ್ನಾಗಲಿ, ಗ್ರಾಮ ಪಂಚಾಯತಿಯ ನಡವಳಿ ಪುಸ್ತಕವನ್ನಾಗಲಿ ಸೇರುವುದು ಅಪರೂಪ.

ದೂರದ ಲೆಕ್ಕ

ಸಮತಟ್ಟಾದ ರಸ್ತೆಯಲ್ಲಿ ಸಾಮಾನ್ಯ ಸೈಕಲ್ ಗಂಟೆಗೆ 15 ಕಿ.ಮೀ. ವೇಗದಲ್ಲಿ ಆಯಾಸವಿಲ್ಲದೆ ಸಾಗುತ್ತದೆ. ಅಂದರೆ 6 ಕಿ.ಮೀ. ದೂರಕ್ಕೆ 24 ನಿಮಿಷ, 10 ಕಿ.ಮೀ.ಗೆ 40 ನಿಮಿಷ. ಹೊಸದಾಗಿ ಆರಂಭಿಸುವವರಿಗೆ ಒಂದು ಬದಿಗೆ 8 ಕಿ.ಮೀ. ಒಳಗಿನ ದೂರ ಸೂಕ್ತ. ಇದಕ್ಕಿಂತ ದೂರದಿಂದ ಬರುವವರು ಪೂರ್ತಿ ದಾರಿಯನ್ನು ಸೈಕಲ್‌ನಲ್ಲಿಯೇ ಕ್ರಮಿಸಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ.

ನಮ್ಮ ಭಾಗಕ್ಕೆ ರೈಲಿನ ಅನುಕೂಲವಿದೆ. ಕಲಬುರಗಿಯಿಂದ ಬರುವ ಹಳಿ ಶಹಾಬಾದ್ ಮೂಲಕ ವಾಡಿ ತಲುಪುತ್ತದೆ. ಅಲ್ಲಿಂದ ಸಿಕಂದರಾಬಾದ್ ಕಡೆಗಿನ ಹಳಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳನ್ನು ಹಾದುಹೋಗುತ್ತದೆ. ಪ್ರತಿದಿನ ರೈಲಿನಲ್ಲಿ ಬಂದು, ನಿಲ್ದಾಣದಿಂದ ಹಳ್ಳಿಗೆ ಟಂಟಂಗಾಗಿ ಕಾಯುವ ಶಿಕ್ಷಕರು ಮತ್ತು ಸಿಬ್ಬಂದಿ ಅನೇಕರಿದ್ದಾರೆ. ಅಂತಹವರು ಒಂದು ಸೈಕಲನ್ನು ನಿಲ್ದಾಣದ ಸ್ಟ್ಯಾಂಡಿನಲ್ಲಾಗಲಿ, ಪರಿಚಯದ ಅಂಗಡಿಯ ಬಳಿಯಾಗಲಿ ಬೀಗ ಹಾಕಿ ಇಟ್ಟುಕೊಂಡರೆ ಕಾಯುವ ಸಮಯ ಉಳಿಯುತ್ತದೆ. ರೈಲು ಸೌಲಭ್ಯವಿಲ್ಲದ ಚಿಂಚೋಳಿ ಕಡೆ ಇದೇ ವ್ಯವಸ್ಥೆಯನ್ನು ಬಸ್ ನಿಲ್ದಾಣದಲ್ಲಿ ಮಾಡಿಕೊಳ್ಳಬಹುದು.

ಶಕ್ತಿ ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ತಿಳಿದರೆ ಸವಾರಿ ಹಗುರವಾಗುತ್ತದೆ. ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ತೂಕವಿದೆ ಎಂದುಕೊಳ್ಳೋಣ. ಗಾಳಿ ಇಲ್ಲದ ಸಮತಟ್ಟು ರಸ್ತೆಯಲ್ಲಿ 15 ಕಿ.ಮೀ. ವೇಗಕ್ಕೆ ಸುಮಾರು 60 ವಾಟ್ ಶಕ್ತಿ ಬೇಕಾಗುತ್ತದೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಟೈರು ನೆಲಕ್ಕೆ ಒತ್ತಿ ಉರುಳುವುದಕ್ಕೆ ಖರ್ಚಾಗುತ್ತದೆ. ಟ್ಯೂಬಿನಲ್ಲಿ ಗಾಳಿ ಕಡಿಮೆಯಾದಾಗ ಈ ಭಾಗ ಬಹುತೇಕ ಇಮ್ಮಡಿಸಬಹುದು. “ಸೈಕಲ್ ತುಳಿಯುವುದು ನನ್ನಿಂದಾಗದು” ಎಂದು ಕೈಬಿಟ್ಟವರಲ್ಲಿ ಅನೇಕರ ನಿಜವಾದ ತೊಂದರೆ ಮೊಣಕಾಲಿನದಲ್ಲ, ಗಾಳಿ ಇಳಿದ ಟ್ಯೂಬಿನದು. ವಾರಕ್ಕೊಮ್ಮೆ ಪಂಪು ಹೊಡೆಯುವುದು ಮೊದಲ ನಿಯಮವಾಗಬೇಕು.

ಮೂರು ಬಗೆಯ ನೆಲ

ನಮ್ಮ ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲವಾದ್ದರಿಂದ ಸಿದ್ಧತೆಯೂ ಒಂದೇ ಬಗೆಯದಾಗಿರುವುದಿಲ್ಲ.

ಮೊದಲನೆಯದು ಚಂದ್ರಂಪಳ್ಳಿ, ಕುಂಚಾವರಂ ಭಾಗದ ಏರುತಗ್ಗಿನ ಕಾಡು. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಅರಣ್ಯವು 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮಕ್ಕೆ ಸೇರಿದೆ. ಇಲ್ಲಿ ಮರದ ನೆರಳು ಇದೆ, ಲಾರಿಗಳು ಕಡಿಮೆ. ತೊಡಕು ಇರುವುದು ಏರಿನಲ್ಲಿ. ಸಾಮಾನ್ಯ ಸೈಕಲ್‌ನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18 ಹಲ್ಲು ಇರುತ್ತವೆ. ಪೆಡಲ್ ಒಂದು ಸುತ್ತು ಸುತ್ತಿದಾಗ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಸಮತಟ್ಟಿಗೆ ಇದು ಸರಿ, ಏರಿಗೆ ಭಾರ. ಗೇರಿನ ಸೈಕಲ್ ಕೊಳ್ಳಲಾಗದವರು 18 ಹಲ್ಲಿನ ಫ್ರೀವೀಲ್ ತೆಗೆಸಿ 22 ಹಲ್ಲಿನದನ್ನು ಹಾಕಿಸಿದರೆ ಒಂದು ಸುತ್ತಿಗೆ 4.4 ಮೀಟರ್ ಆಗುತ್ತದೆ. ವೇಗ ಸ್ವಲ್ಪ ತಗ್ಗುತ್ತದೆ, ಆದರೆ ತುಳಿತ ಸುಮಾರು ಐದನೇ ಒಂದು ಭಾಗದಷ್ಟು ಹಗುರವಾಗುತ್ತದೆ. ಸೈಕಲ್ ಅಂಗಡಿಯಲ್ಲಿ ಅಲ್ಪ ವೆಚ್ಚದಲ್ಲಿ ಆಗುವ ಬದಲಾವಣೆ ಇದು. ಕಡಿದಾದ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಸಂಕೋಚ ಬೇಡ. ಇಳಿಜಾರಿಗೆ ಎರಡೂ ಬ್ರೇಕ್ ಸರಿಯಾಗಿರಬೇಕು. ಮುಸ್ಸಂಜೆಯ ನಂತರ ಕಾಡಿನ ರಸ್ತೆಯಲ್ಲಿ ಒಬ್ಬರೇ ಸವಾರಿ ಮಾಡುವುದು ಸೂಕ್ತವಲ್ಲ.

ಎರಡನೆಯದು ಸೇಡಂ, ಚಿತ್ತಾಪುರ ಭಾಗದ ಎರೆಭೂಮಿ. ಒಣಗಿದಾಗ ಇದರಷ್ಟು ಒಳ್ಳೆಯ ಸಮತಟ್ಟು ಇಲ್ಲ. ಒಂದು ಮಳೆ ಬಿದ್ದರೆ ಎರೆಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ತುಂಬಿ, ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಹೊಲದ ಅಡ್ಡದಾರಿ ಬಿಟ್ಟು ಡಾಂಬರು ದಾರಿಯನ್ನೇ ಹಿಡಿಯಬೇಕು, ಸುತ್ತಾದರೂ ಸರಿ. ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಎರಡು ಬೆರಳಿನಷ್ಟು ಜಾಗ ಇರುವಂತೆ ನೋಡಿಕೊಳ್ಳುವುದು, ಮಣ್ಣು ತೆಗೆಯಲು ಒಂದು ಗಟ್ಟಿ ಕಡ್ಡಿ ಇಟ್ಟುಕೊಳ್ಳುವುದು ಉಪಯುಕ್ತ. ದಾರಿ ಬದಿಯ ಬಳ್ಳಾರಿ ಜಾಲಿಯ ಮುಳ್ಳು ಪಂಕ್ಚರ್‌ಗೆ ಮುಖ್ಯ ಕಾರಣ. ಒಂದು ಹೆಚ್ಚುವರಿ ಟ್ಯೂಬು, ಪ್ಯಾಚು, ಸೊಲ್ಯೂಷನ್, ಟೈರು ಬಿಡಿಸುವ ಪಟ್ಟಿ, ಕೈಪಂಪು ಇಷ್ಟು ಸೀಟಿನ ಕೆಳಗಿನ ಚೀಲದಲ್ಲಿದ್ದರೆ ಹದಿನೈದು ನಿಮಿಷದಲ್ಲಿ ಮತ್ತೆ ದಾರಿ ಹಿಡಿಯಬಹುದು.

ಮೂರನೆಯದು ವಾಡಿ, ಶಹಾಬಾದ್, ಮಳಖೇಡಗಳ ಕಲ್ಲು ಮತ್ತು ಸಿಮೆಂಟಿನ ಪಟ್ಟಿ. ಇಲ್ಲಿನ ಸಣ್ಣ ಧೂಳು ಚೈನಿನ ಎಣ್ಣೆಗೆ ಅಂಟಿ ಅರದಂತೆ ಕೆಲಸ ಮಾಡುತ್ತದೆ, ಹಲ್ಲುಗಳು ಬೇಗ ಸವೆಯುತ್ತವೆ. ಹೊಸ ಎಣ್ಣೆ ಸುರಿಯುವ ಮೊದಲು ಹಳೆಯದನ್ನು ಬಟ್ಟೆಯಿಂದ ಪೂರ್ತಿ ಒರೆಸಬೇಕು. ಸವಾರರು ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಈ ಪಟ್ಟಿಯ ದೊಡ್ಡ ಅಪಾಯವಾದ ಲಾರಿ ಸಂಚಾರದ ಬಗ್ಗೆ ಮುಂದೆ ವಿವರಿಸಲಾಗಿದೆ.

ಬಿಸಿಲು ಮತ್ತು ಗಾಳಿಯ ಪಂಚಾಂಗ

ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಈ ಕಾರಣದಿಂದಲೇ ರಾಜ್ಯ ಸರ್ಕಾರವು ಬೇಸಿಗೆಯ ಈ ಎರಡು ತಿಂಗಳು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಿಗದಿಪಡಿಸುತ್ತ ಬಂದಿದೆ. ಬಸ್ಸು, ಕಾರಿನಲ್ಲಿ ಬರುವವರಿಗೆ ಇದು ಅನುಕೂಲ. ಸೈಕಲ್ ಸವಾರರಿಗೆ ಮಾತ್ರ ಇದು ಅರ್ಧ ಅನುಕೂಲ, ಅರ್ಧ ತೊಂದರೆ. ಬೆಳಿಗ್ಗೆ 7.30ರ ಸವಾರಿ ತಂಪಾಗಿರುತ್ತದೆ. ಮರಳುವ ಹೊತ್ತು ಮಾತ್ರ ದಿನದ ಅತಿ ಕಠಿಣ ಬಿಸಿಲಿಗೆ ಸಿಕ್ಕುತ್ತದೆ.

ಸೈಕಲ್ ತುಳಿಯುವಾಗ ದೇಹ ಪೆಡಲಿಗೆ ಕೊಡುವ ಶಕ್ತಿಯ ಸುಮಾರು ಮೂರು ಪಟ್ಟು ಶಾಖವನ್ನು ಉತ್ಪಾದಿಸುತ್ತದೆ. ಗಾಳಿಯ ಉಷ್ಣಾಂಶ ಚರ್ಮದ ಉಷ್ಣಾಂಶಕ್ಕಿಂತ, ಅಂದರೆ ಸುಮಾರು 35 ಡಿಗ್ರಿಗಿಂತ, ಹೆಚ್ಚಾದಾಗ ಎದುರು ಬೀಸುವ ಗಾಳಿ ದೇಹವನ್ನು ತಾನಾಗಿ ತಣಿಸಲಾರದು. ಬೆವರು ಆವಿಯಾದರೆ ಮಾತ್ರ ದೇಹ ತಣಿಯುತ್ತದೆ. ಬೆವರಿಗೆ ನೀರು ಬೇಕು. ಆದ್ದರಿಂದ ಬೇಸಿಗೆಯಲ್ಲಿ ಮಧ್ಯಾಹ್ನದ ಮರುಸವಾರಿಯನ್ನು ಕೈಬಿಡುವುದೇ ಸರಿಯಾದ ನಿರ್ಧಾರ. ಬೆಳಿಗ್ಗೆ ಸೈಕಲ್‌ನಲ್ಲಿ ಬಂದು, ಮಧ್ಯಾಹ್ನ ಸೈಕಲನ್ನು ಕಚೇರಿಯಲ್ಲಿ ಬಿಟ್ಟು ಬಸ್ಸಿನಲ್ಲಿ ಮರಳಿ, ಮರುದಿನ ಬಸ್ಸಿನಲ್ಲಿ ಬಂದು, ಸಂಜೆಯವರೆಗೆ ಕ್ಷೇತ್ರ ಕಾರ್ಯವಿದ್ದಲ್ಲಿ ಬಿಸಿಲಿಳಿದ ಮೇಲೆ ಸೈಕಲ್‌ನಲ್ಲಿ ಮರಳಬಹುದು. ಸಾಧ್ಯವಿಲ್ಲದವರು ಈ ಎರಡು ತಿಂಗಳು ಪೂರ್ತಿ ಬಿಡುವು ತೆಗೆದುಕೊಂಡರೂ ತಪ್ಪಿಲ್ಲ. ತಲೆಸುತ್ತು, ವಾಕರಿಕೆ, ಬೆವರು ನಿಂತುಹೋಗುವುದು ಇವು ಬಿಸಿಲಾಘಾತದ ಲಕ್ಷಣಗಳಾಗಿದ್ದು, ಕೂಡಲೇ ನೆರಳಿಗೆ ಬಂದು ಮೈ ತಂಪು ಮಾಡಿಕೊಂಡು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬೇಕು.

ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ. 15 ಕಿ.ಮೀ. ವೇಗದ ಸವಾರನಿಗೆ ಎದುರಿನಿಂದ 15 ಕಿ.ಮೀ. ವೇಗದ ಗಾಳಿ ಬೀಸಿದರೆ ಗಾಳಿಯ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಪಶ್ಚಿಮಕ್ಕೆ ಹೋಗಬೇಕಾದವರು ಗಾಳಿ ಏಳುವ ಮುನ್ನ, ಬೆಳಿಗ್ಗೆ ಬೇಗ ಹೊರಡುವುದು ಒಳಿತು; ವೇಗ ತಗ್ಗಿಸಿ, ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಬೇಕು. ನವೆಂಬರ್‌ನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳು ಸೈಕಲ್‌ಗೆ ಹೇಳಿ ಮಾಡಿಸಿದ ಕಾಲ. ಆರಂಭಿಸುವವರು ದೀಪಾವಳಿಯ ಆಸುಪಾಸಿನಲ್ಲಿ ಆರಂಭಿಸಿದರೆ ರೂಢಿಯಾಗಲು ನಾಲ್ಕು ತಿಂಗಳು ದೊರೆಯುತ್ತವೆ. ಯುಗಾದಿಯಂದು ಸಂಕಲ್ಪ ಮಾಡಿ ಮರುವಾರವೇ ಬಿಸಿಲಿಗೆ ಸಿಕ್ಕವರು ಸೈಕಲನ್ನು ದೂರಿ ಪ್ರಯೋಜನವಿಲ್ಲ.

ಸಂಕಲ್ಪ ಹೇಗಿರಬೇಕು

“ಇನ್ನು ಮೇಲೆ ಪ್ರತಿದಿನ” ಎಂಬ ಸಂಕಲ್ಪ ಮೊದಲ ಅಡಚಣೆಗೇ ಮುರಿಯುತ್ತದೆ. ಪಂಚಾಯತಿ ಸಿಬ್ಬಂದಿಗೆ ತಾಲ್ಲೂಕು ಸಭೆ, ಗ್ರಾಮ ಸಭೆ, ಕಾಮಗಾರಿ ಪರಿಶೀಲನೆ, ಎರಡು ಪಂಚಾಯತಿಗಳ ಪ್ರಭಾರ ಹೀಗೆ ದೂರ ಹೋಗಬೇಕಾದ ದಿನಗಳು ಇದ್ದೇ ಇರುತ್ತವೆ. ಯಾವ ದಿನ ಸೈಕಲ್, ಯಾವ ದಿನ ಅಲ್ಲ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ, ಸೈಕಲ್ ತುಳಿಯದ ದಿನ ಸೋಲಿನ ದಿನವಾಗುವುದಿಲ್ಲ.

ಮೊದಲು ರಜಾದಿನ ಒಂದರಂದು ದಾರಿಯನ್ನು ಸೈಕಲ್‌ನಲ್ಲಿ ಕ್ರಮಿಸಿ ನೋಡಬೇಕು. ತಗ್ಗುಗುಂಡಿ, ನಾಯಿಗಳ ಕಾಟ, ನೆರಳು, ನೀರು, ಪಂಕ್ಚರ್ ಅಂಗಡಿ ಎಲ್ಲಿವೆ ಎಂಬುದನ್ನು ಗುರುತಿಸಬೇಕು. ಮೊದಲ ತಿಂಗಳು ವಾರಕ್ಕೆ ಎರಡೇ ದಿನ, ಅದೂ ನಿಗದಿತ ದಿನ. ಎರಡನೇ ತಿಂಗಳು ಮೂರು ದಿನ. ಹೀಗೆ ಚಳಿಗಾಲದಲ್ಲಿ ಬಹುತೇಕ ಎಲ್ಲ ಕೆಲಸದ ದಿನ, ಮಳೆಗಾಲದಲ್ಲಿ ಅರ್ಧ, ಬೇಸಿಗೆಯಲ್ಲಿ ಅಲ್ಪ ಎಂದು ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 150 ದಿನಗಳಾಗುತ್ತವೆ. ಈ ಗುರಿ ಸಾಧ್ಯವಾದದ್ದು. ಹಿಂದಿನ ರಾತ್ರಿಯೇ ಚೀಲ, ಅಂಗಿ, ನೀರಿನ ಬಾಟಲಿ ಸಿದ್ಧವಿರಬೇಕು. ಬೆಳಿಗ್ಗೆ ನಿರ್ಧಾರಕ್ಕೆ ಅವಕಾಶ ಕೊಟ್ಟರೆ ಬೈಕಿನ ಕೀಲಿಯೇ ಗೆಲ್ಲುತ್ತದೆ.

ಉಳಿತಾಯ ಮತ್ತು ಆರೋಗ್ಯ

ಒಂದು ಬದಿಗೆ 6 ಕಿ.ಮೀ., ವರ್ಷಕ್ಕೆ 150 ದಿನ ಎಂದರೆ 1,800 ಕಿ.ಮೀ. ಲೀಟರಿಗೆ 50 ಕಿ.ಮೀ. ಕೊಡುವ ಬೈಕಿಗೆ ಇದು 36 ಲೀಟರ್ ಪೆಟ್ರೋಲ್. ಲೀಟರ್ ದರ ನೂರು ರೂಪಾಯಿ ಎಂದು ಹಿಡಿದರೂ 3,600 ರೂಪಾಯಿ. ಅಧಿಕಾರಿಯ ಸಂಬಳಕ್ಕೆ ಇದು ದೊಡ್ಡ ಮೊತ್ತವಲ್ಲದಿರಬಹುದು. ಗೌರವಧನದಲ್ಲಿ ಸಂಸಾರ ನಡೆಸುವವರಿಗೆ, ಕಂತಿನ ಮೇಲೆ ಬೈಕು ಕೊಂಡವರಿಗೆ ಇದು ಮಕ್ಕಳ ಪುಸ್ತಕ, ಬಟ್ಟೆಯ ಖರ್ಚು. ಪ್ರತಿ ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಒಬ್ಬರಿಂದ ವರ್ಷಕ್ಕೆ 80 ಕೆ.ಜಿ.ಗೂ ಹೆಚ್ಚು ಹೊಗೆ ತಪ್ಪುತ್ತದೆ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಮೇಲಿನ 6 ಕಿ.ಮೀ. ದಾರಿಯಲ್ಲಿ ದಿನಕ್ಕೆ 48 ನಿಮಿಷ. ವಾರಕ್ಕೆ ನಾಲ್ಕು ದಿನ ತುಳಿದರೆ 192 ನಿಮಿಷ. ವ್ಯಾಯಾಮಕ್ಕೆ ಪ್ರತ್ಯೇಕ ಸಮಯ ಬೇಡ. ಬ್ರಿಟನ್ನಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಸಾವಿನ ಅಪಾಯ ವಾಹನದಲ್ಲಿ ಹೋಗುವವರಿಗಿಂತ ಶೇ. 41ರಷ್ಟು ಕಡಿಮೆ ಇದ್ದುದು ಕಂಡುಬಂದಿತು. ಸೈಕಲ್ ತುಳಿಯುವವರ ಇತರ ಅಭ್ಯಾಸಗಳೂ ಇದಕ್ಕೆ ಭಾಗಶಃ ಕಾರಣವಾಗಿರಬಹುದಾದರೂ ಅಂತರ ದೊಡ್ಡದು. ಹೃದ್ರೋಗ, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಆರಂಭಿಸುವ ಮುನ್ನ ವೈದ್ಯರ ಸಲಹೆ ಪಡೆಯಬೇಕು.

ಲಾರಿ ಮತ್ತು ರಸ್ತೆಯ ಅಂಚು

ಸೈಕಲ್ ಸವಾರಿಯ ಲಾಭಗಳನ್ನು ಹೇಳಿ ಅಪಾಯವನ್ನು ಮರೆಮಾಚುವುದು ಸರಿಯಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮೃತಪಟ್ಟರು. ಅವರಲ್ಲಿ ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಹೆಚ್ಚು.

ಅಪಾಯ ಹೇಗೆ ಉಂಟಾಗುತ್ತದೆ ಎಂಬುದನ್ನು ರಸ್ತೆಯ ಅಳತೆಯಿಂದಲೇ ತಿಳಿಯಬಹುದು. ಗ್ರಾಮೀಣ ಏಕಪಥ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ಲಾರಿಯ ಅಗಲ ಸುಮಾರು 2.5 ಮೀಟರ್. ಉಳಿಯುವುದು 1.25 ಮೀಟರ್. ಸೈಕಲ್‌ನ ಹ್ಯಾಂಡಲ್ ಅಗಲವೇ 0.6 ಮೀಟರ್ ಇದ್ದು, ಸುರಕ್ಷಿತವಾಗಿ ದಾಟಲು ಇನ್ನೂ ಒಂದು ಮೀಟರ್ ಅಂತರ ಬೇಕು. ಅಂದರೆ ಲಾರಿ ಬಂದಾಗ ಸೈಕಲ್ ಸವಾರ ಡಾಂಬರು ಬಿಟ್ಟು ಪಕ್ಕದ ಮಣ್ಣಿಗೆ ಇಳಿಯಲೇಬೇಕು. ಆ ಮಣ್ಣಿನ ಅಂಚು ಮಳೆಗೆ ಕೊಚ್ಚಿಹೋಗಿ ಡಾಂಬರಿಗಿಂತ ಒಂದು ಗೇಣು ಕೆಳಗಿದ್ದರೆ ಸವಾರ ಇಳಿಯುವುದಿಲ್ಲ, ಬೀಳುತ್ತಾನೆ; ಇಲ್ಲವೇ ಬೀಳುವ ಭಯದಿಂದ ಇಳಿಯದೆ ಲಾರಿಯ ಬದಿಗೇ ಉಳಿಯುತ್ತಾನೆ. ಪಾಳಿ ಮುಗಿಸಿ ಮನೆಗೆ ಮರಳುವ ಕಾರ್ಮಿಕನ ಜೀವ ಒಂದು ಬುಟ್ಟಿ ಮುರ್ರಂ ಮೇಲೆ ನಿಂತಿರುತ್ತದೆ ಎಂದರೆ ಅತಿಶಯೋಕ್ತಿಯಾಗದು.

ರಾತ್ರಿಯ ಅಪಾಯ ಇನ್ನೂ ಹೆಚ್ಚು. ಗಂಟೆಗೆ 60 ಕಿ.ಮೀ. ವೇಗದ ಲಾರಿ ಚಾಲಕ ನೋಡಿ ಬ್ರೇಕ್ ಒತ್ತುವ ಎರಡು ಸೆಕೆಂಡಿನೊಳಗೆ 33 ಮೀಟರ್ ಮುಂದೆ ಬಂದಿರುತ್ತದೆ. ಕಪ್ಪು ಬಟ್ಟೆ ತೊಟ್ಟ, ಪ್ರತಿಫಲಕವಿಲ್ಲದ ಸವಾರ ಅಷ್ಟು ದೂರದಿಂದ ಕಾಣುವುದೇ ಕಷ್ಟ. ಹಿಂಬದಿಗೆ ಕೆಂಪು ಪ್ರತಿಫಲಕ ಮತ್ತು ಮಿನುಗುವ ದೀಪ, ಪೆಡಲಿಗೆ ಹಳದಿ ಪ್ರತಿಫಲಕ, ಮೈಮೇಲೆ ತಿಳಿಬಣ್ಣದ ಅಂಗಿ, ತಲೆಗೆ ಹೆಲ್ಮೆಟ್ ಇವು ಕನಿಷ್ಠ ಸಿದ್ಧತೆ. ಸೈಕಲ್ ಯಾವಾಗಲೂ ಎಡಬದಿಯಲ್ಲಿ, ವಾಹನಗಳು ಸಾಗುವ ದಿಕ್ಕಿನಲ್ಲಿಯೇ ಸಾಗಬೇಕು. ಕಿವಿಯಲ್ಲಿ ಇಯರ್‌ಫೋನ್ ಇರಕೂಡದು.

ಆದರೆ ಸವಾರನ ಎಚ್ಚರಿಕೆಯೊಂದೇ ಸಾಲದು ಎಂಬುದಕ್ಕೆ ನೆದರ್ಲೆಂಡ್ಸ್ ಸಾಕ್ಷಿ. ಇಂದು ಸೈಕಲ್‌ಗಳ ನಾಡು ಎನಿಸಿಕೊಂಡಿರುವ ಆ ದೇಶದಲ್ಲಿ 1971ರಲ್ಲಿ ಸುಮಾರು 3,300 ಜನರು ರಸ್ತೆಯಲ್ಲಿ ಸತ್ತಿದ್ದರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಪಾಲಕರು ಬೀದಿಗಿಳಿದು ಹೋರಾಡಿದರು. 1973ರ ತೈಲ ಬಿಕ್ಕಟ್ಟು ಆ ಹೋರಾಟಕ್ಕೆ ಬಲ ನೀಡಿತು. ಆ ಬಳಿಕ ಅಲ್ಲಿ ಸೈಕಲ್‌ಗೆ ಪ್ರತ್ಯೇಕ ದಾರಿಗಳು ನಿರ್ಮಾಣವಾದವು. ಅಲ್ಲಿನ ಜನರು ಸೈಕಲ್ ತುಳಿಯುವುದು ಹುಟ್ಟುಗುಣದಿಂದಲ್ಲ, ರಸ್ತೆಯ ಗುಣದಿಂದ.

ಮಹಿಳಾ ಸಿಬ್ಬಂದಿ

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿದೆ. ಆದ್ದರಿಂದ ಅವರಿಗೆ ಸೈಕಲ್‌ನ ಲಾಭ ಹಣದ ರೂಪದಲ್ಲಿ ಕಾಣುವುದಿಲ್ಲ. ಬಸ್ಸು ನಿಲ್ಲುವ ಕ್ರಾಸಿನಿಂದ ತಾಂಡಾ ಅಥವಾ ಅಂಗನವಾಡಿಯವರೆಗಿನ ಎರಡು, ಮೂರು ಕಿ.ಮೀ. ನಡಿಗೆಯನ್ನು ಸೈಕಲ್ ತಪ್ಪಿಸುತ್ತದೆ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು, ಗ್ರಂಥಾಲಯ ಮೇಲ್ವಿಚಾರಕಿಯರಿಗೆ ಇದು ದಿನಕ್ಕೆ ಒಂದು ಗಂಟೆಯ ಉಳಿತಾಯ.

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಭಾಗವಾಗಿ ಮಹಿಳೆಯರಿಗೆ ಸೈಕಲ್ ಕಲಿಸಲಾಯಿತು. ಅಂದಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಇದಕ್ಕೆ ಮುಂದಾಳಾಗಿದ್ದರು. ಕೃಷಿ ಕೂಲಿಕಾರರು, ಕಲ್ಲುಗಣಿ ಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು ಸೇರಿ ಸಾವಿರಾರು ಮಹಿಳೆಯರು ಸೈಕಲ್ ಕಲಿತರು. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಬಾಲಕಿಯರಿಗೆ ಸೈಕಲ್ ನೀಡುವ ಯೋಜನೆ ಆರಂಭವಾದ ಬಳಿಕ ಪ್ರೌಢಶಾಲೆಗೆ ಸೇರುವ ಬಾಲಕಿಯರ ಪ್ರಮಾಣ ಶೇ. 32ರಷ್ಟು ಏರಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನ ತೋರಿಸಿದೆ. ನಮ್ಮ ರಾಜ್ಯದಲ್ಲಿಯೂ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ವಿತರಿಸಲಾಗಿತ್ತು. ಅಂದು ಸೈಕಲ್ ಪಡೆದ ಬಾಲಕಿಯರಲ್ಲಿ ಅನೇಕರು ಇಂದು ಇದೇ ಹಳ್ಳಿಗಳಲ್ಲಿ ದುಡಿಯುತ್ತಿದ್ದಾರೆ. ಅವರಿಗೆ ಸೈಕಲ್ ಹೊಸದಾಗಿ ಕಲಿಸಬೇಕಾಗಿಲ್ಲ. ಸುರಕ್ಷಿತ ದಾರಿ, ಬೆಳಕಿರುವ ಕ್ರಾಸು, ಸೈಕಲ್ ಇಡಲು ಭದ್ರವಾದ ಜಾಗ ಒದಗಿಸಬೇಕಾಗಿದೆ.

ಗ್ರಾಮ ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳು

ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆಗಳೂ ಸೇರಿವೆ. ಬೀದಿ ದೀಪದ ನಿರ್ವಹಣೆ ಗ್ರಾಮ ಪಂಚಾಯತಿಯ ನಿತ್ಯದ ಹೊಣೆ. ಆದ್ದರಿಂದ ಸೈಕಲ್ ಸವಾರರ ಅನುಕೂಲಕ್ಕಾಗಿ ಹೊಸ ಯೋಜನೆಯೊಂದನ್ನು ಕಾಯಬೇಕಾಗಿಲ್ಲ. ಈ ಕೆಳಗಿನವುಗಳನ್ನು ವಾರ್ಷಿಕ ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಪರಿಗಣಿಸಬಹುದಾಗಿದೆ.

1. ಕಚೇರಿ, ಗ್ರಂಥಾಲಯ ಮತ್ತು ಬಸ್ ನಿಲುಗಡೆ ಕ್ರಾಸುಗಳಲ್ಲಿ ಚಾವಣಿ ಸಹಿತ ಸೈಕಲ್ ಸ್ಟ್ಯಾಂಡ್. ಸೈಕಲ್‌ನ ಚೌಕಟ್ಟನ್ನು ಬೀಗ ಹಾಕಿ ಕಟ್ಟುವಂತೆ ಕಬ್ಬಿಣದ ಪಟ್ಟಿ ಇರಬೇಕು.

2. ಕಚೇರಿಯಲ್ಲಿ ಒಂದು ಪಂಪು, ಪಂಕ್ಚರ್ ಸಾಮಗ್ರಿ, ಕುಡಿಯುವ ನೀರು, ಮುಖ ತೊಳೆದು ಅಂಗಿ ಬದಲಿಸಲು ಸ್ಥಳ. ಮಹಿಳಾ ಸಿಬ್ಬಂದಿಗೆ ಪ್ರತ್ಯೇಕ ಸ್ಥಳ.

3. ಮಳೆಗಾಲ ಮುಗಿದ ಕೂಡಲೇ ರಸ್ತೆ ಅಂಚುಗಳ ಪರಿಶೀಲನೆ. ಪಂಚಾಯತಿಯ ರಸ್ತೆಗಳಲ್ಲಿ ಮುರ್ರಂ ತುಂಬಿ ಡಾಂಬರಿನ ಮಟ್ಟಕ್ಕೆ ಸಮ ಮಾಡಿಸುವುದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಐದು ವರ್ಷಗಳ ನಿರ್ವಹಣೆ ಗುತ್ತಿಗೆದಾರರ ಹೊಣೆಯಾಗಿರುವುದರಿಂದ, ದೋಷವನ್ನು ಚಿತ್ರಸಹಿತ ಲಿಖಿತವಾಗಿ ಸಂಬಂಧಪಟ್ಟ ಅಭಿಯಂತರರಿಗೆ ತಿಳಿಸುವುದು.

4. ನರೇಗಾ ಅಡಿಯಲ್ಲಿ ನಿರ್ಮಿಸಲಾದ ‘ನಮ್ಮ ಹೊಲ ನಮ್ಮ ದಾರಿ’ ರಸ್ತೆಗಳಲ್ಲಿ ಎರಡು ಊರುಗಳನ್ನು ಜೋಡಿಸುವಂಥವನ್ನು ಗುರುತಿಸಿ, ಮುಳ್ಳು ಕಡಿಸಿ, ಲಾರಿಯಿಲ್ಲದ ಸೈಕಲ್ ದಾರಿಯಾಗಿ ಬಳಸುವಂತೆ ಮಾಡುವುದು.

5. ಶಾಲೆ, ಕ್ರಾಸು, ಕಾರ್ಖಾನೆ ದಾರಿ ಕೂಡುವ ಜಾಗಗಳಲ್ಲಿ ಬೀದಿ ದೀಪಗಳಿಗೆ ಆದ್ಯತೆ. ನೀರುಗಂಟಿ ನಸುಕಿನಲ್ಲಿ ಓಡಾಡುವ ದಾರಿಗೂ ಇದು ಅನ್ವಯಿಸಬೇಕು.

6. ಗ್ರಾಮ ಸಭೆಯಲ್ಲಿ ಒಂದು ಪ್ರಶ್ನೆ ಕಡ್ಡಾಯವಾಗಿ ಕೇಳುವುದು: ಈ ಊರಿನಿಂದ ಸೈಕಲ್‌ನಲ್ಲಿ ಕೆಲಸಕ್ಕೆ, ಶಾಲೆಗೆ ಹೋಗುವವರು ಎಷ್ಟು ಜನ, ಅವರಿಗೆ ಯಾವ ಜಾಗದಲ್ಲಿ ಭಯವಾಗುತ್ತದೆ? ಬಂದ ಉತ್ತರವನ್ನು ನಡವಳಿಯಲ್ಲಿ ದಾಖಲಿಸುವುದು.

ಹಿಂದೆ ಸ್ಥಳೀಯ ಸಂಸ್ಥೆಗಳು ಸೈಕಲ್‌ಗೆ ತೆರಿಗೆ ವಿಧಿಸಿ ಲೋಹದ ಬಿಲ್ಲೆ ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಬಿಲ್ಲೆಯ ಕಾಲದಲ್ಲಿ ಊರಿನಲ್ಲಿ ಎಷ್ಟು ಸೈಕಲ್‌ಗಳಿವೆ ಎಂಬ ಲೆಕ್ಕವಾದರೂ ದಫ್ತರಿನಲ್ಲಿ ಇರುತ್ತಿತ್ತು. ಇಂದು ತೆರಿಗೆ ಬೇಡ, ಲೆಕ್ಕ ಬೇಕು. ಪಂಚಾಯತಿಯ ಸಿಬ್ಬಂದಿಯಲ್ಲಿ ಒಬ್ಬರಾದರೂ ವಾರಕ್ಕೆ ಎರಡು ದಿನ ಸೈಕಲ್‌ನಲ್ಲಿ ಕಚೇರಿಗೆ ಬರಲು ಆರಂಭಿಸಿದರೆ, ಗಂಟೆಗೆ 15 ಕಿ.ಮೀ. ವೇಗದಲ್ಲಿ ಕಾಣುವ ಕೊಚ್ಚಿದ ಅಂಚು, ಒಡೆದ ಮೋರಿ, ಉರಿಯದ ದೀಪ ಅವರ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸುವುದು ಅವರ ಕೈಯಲ್ಲಿಯೇ ಇದೆ.